ಎಲೆ ಎಣಿಸದೆ ಎಥ್ರೆಲ್ ಹಾಕಿದ ವರ್ಷ

ಬನವಾಸಿ ಕಡೆ ಹೊಸದಾಗಿ ಅನಾನಸ್ ಹಾಕಿದವರನ್ನು ಕೇಳುವ ಮೊದಲ ಪ್ರಶ್ನೆ, "ಹಾರ್ಮೋನ್ ಯಾವಾಗ ಹಾಕ್ತೀರಿ?" ಅಂತ. ನನಗೆ ಆಗ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಗಿಡ ತಾನಾಗಿ ಹೂ ಬಿಡುತ್ತದೆ, ಹಣ್ಣಾದಾಗ ಕೊಯ್ದರಾಯಿತು ಅಂದುಕೊಂಡಿದ್ದೆ.

ತಾನಾಗಿ ಬಿಡುತ್ತದೆ, ಸುಳ್ಳಲ್ಲ. ಆದರೆ ಒಂದು ಈ ತಿಂಗಳು ಬಿಟ್ಟರೆ ಪಕ್ಕದ್ದು ಮೂರು ತಿಂಗಳ ಮೇಲೆ. ದಿನಕ್ಕೆ ಹತ್ತು ಹಣ್ಣು ಸಿಗುವ ತೋಟಕ್ಕೆ ಯಾವ ವ್ಯಾಪಾರಿ ಗಾಡಿ ಕಳಿಸುತ್ತಾನೆ? ಅದಕ್ಕೇ ಎಲ್ಲ ಗಿಡವೂ ಒಟ್ಟಿಗೆ ಹೂ ಬಿಡಲಿ ಅಂತ ಸುಳಿಗೆ ಎಥ್ರೆಲ್ ಅನ್ನುವ ಔಷಧಿ ಬೆರೆಸಿದ ನೀರು ಹಾಕುವುದು. ಹಾರ್ಮೋನ್ ಅಂದರೆ ಇದೇ. ಅದರಿಂದ ಬರುವ ಎಥಿಲೀನ್ ಅನಿಲ ಗಿಡವನ್ನು ಹೂವಿಗೆ ತಿರುಗಿಸುತ್ತದೆ. ಹಿಂದೆ ಅಜೋರ್ಸ್ ದ್ವೀಪಗಳ ಗಾಜಿನ ಮನೆಗಳಲ್ಲಿ ಹೊಗೆ ಹಾಕಿ ಇದೇ ಕೆಲಸ ಮಾಡಿಸುತ್ತಿದ್ದರು. ಹೊಗೆಯಲ್ಲಿದ್ದದ್ದೂ ಎಥಿಲೀನೇ.

ನಾನು ಹಾಕಿದ್ದು 20 ಗುಂಟೆಯಲ್ಲಿ 8,000 ಗಿಡ, ಕ್ಯೂ ತಳಿ. ಎಲೆಯ ತುದಿ ಬಿಟ್ಟರೆ ಇದಕ್ಕೆ ಮುಳ್ಳು ಕಡಿಮೆ. ಕ್ವೀನ್ ಹಣ್ಣು ರುಚಿ ಜಾಸ್ತಿ ನಿಜ, ಆದರೆ ಚಿಕ್ಕದು, ಗಿಡದ ಎಲೆ ಅಂಚಿಗೆಲ್ಲ ಮುಳ್ಳು. ಬುಡದ ಮರಿಗಳನ್ನು ತಂದು, ಕೆಳಗಿನ ಒಣ ಎಲೆ ಸುಲಿದು, ಒಂದು ವಾರ ಬಾಡಿಸಿ ಸೆಪ್ಟೆಂಬರ್‌ನಲ್ಲಿ ನೆಟ್ಟೆ. ಜೋಡಿ ಸಾಲು, ಗಿಡದಿಂದ ಗಿಡಕ್ಕೆ ಒಂದಡಿ. ಇಲ್ಲೇ ಮೊದಲ ತಪ್ಪಾಯಿತು. ದೊಡ್ಡ ಮರಿ, ಸಣ್ಣ ಮರಿ ಎಲ್ಲ ಬೆರಕೆ ಮಾಡಿಬಿಟ್ಟೆ. ಈಗ ಅರ್ಧ ಕಿಲೋ ಮೇಲಿನದ್ದನ್ನು ಬೇರೆ ರಾಶಿ ಮಾಡಿ, ಅದಕ್ಕೇ ಬೇರೆ ಸಾಲು ಕೊಡುತ್ತೇನೆ.

ಎರಡನೇ ತಪ್ಪು ದೊಡ್ಡದು. ಏಪ್ರಿಲ್‌ಗೆ ಗಿಡ ಹಸಿರಾಗಿ ಕಂಡಿತು. ಇನ್ನೇನು ಅಂತ ಎಥ್ರೆಲ್ ಹಾಕಿಯೇಬಿಟ್ಟೆ. ನೆಟ್ಟು ಬರೀ ಏಳು ತಿಂಗಳು. ನಲವತ್ತು ದಿನದ ಹೊತ್ತಿಗೆ ಸುಳಿಯಲ್ಲೆಲ್ಲ ಕೆಂಪು ಮೂಡಿತು. ನಾನು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದೆ! ಹಣ್ಣು ಬಂದಾಗ ತಕ್ಕಡಿಗಿಟ್ಟರೆ 600, 700 ಗ್ರಾಂ. ವ್ಯಾಪಾರಿಗೆ ಬೇಕಾದದ್ದು ಒಂದೂವರೆ ಕಿಲೋ ಮೇಲಿನದ್ದು. ಅರ್ಧ ರೇಟಿಗೆ ಕೊಟ್ಟೆ.

ಅನಾನಸ್ ಒಂದೇ ಹಣ್ಣಿನಂತೆ ಕಂಡರೂ ನೂರಕ್ಕೂ ಹೆಚ್ಚು ಹೂಗಳು ಕೂಡಿಕೊಂಡು ಆದದ್ದು. ಒಂದೊಂದು ಕಣ್ಣೂ ಒಂದೊಂದು ಹೂವು. ಹೂ ಕಟ್ಟುವಾಗ ಗಿಡ ಎಷ್ಟು ದೊಡ್ಡದಿತ್ತೋ ಅಷ್ಟು ಕಣ್ಣು. ಆಮೇಲೆ ಗೊಬ್ಬರ ಸುರಿದರೂ ಕಣ್ಣಿನ ಲೆಕ್ಕ ಹೆಚ್ಚುವುದಿಲ್ಲ. ಈಗ ನಾನು ಸಾಲಿಗೆ ನಾಲ್ಕೈದು ಗಿಡದ ಎಲೆ ಎಣಿಸುತ್ತೇನೆ. ಮೊಣಕೈವರೆಗೆ ಗೀರು ಬೀಳುತ್ತದೆ, ಬೀಳಲಿ. 35ರಿಂದ 40 ಎಲೆ ಆಗುವವರೆಗೆ ಬಾಟಲಿ ಮುಟ್ಟುವುದಿಲ್ಲ.

ನನ್ನ ಅಳತೆ ಹೀಗೆ: 200 ಲೀಟರ್ ಡ್ರಮ್ಮಿಗೆ 39 ಪರ್ಸೆಂಟಿನ ಎಥ್ರೆಲ್ ಸುಮಾರು 13 ಮಿಲಿ, ಯೂರಿಯಾ 4 ಕಿಲೋ, ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ 80 ಗ್ರಾಂ. ಗಿಡಕ್ಕೆ 50 ಮಿಲಿ, ನೇರ ಸುಳಿಯೊಳಗೆ. ಒಂದು ಡ್ರಮ್ಮು 4,000 ಗಿಡಕ್ಕೆ ಸರಿಹೋಗುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ ಮುಗಿಸುತ್ತೇನೆ. ಈ ಗಿಡ ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ಉಸಿರಾಡುವ ಜಾತಿ. ಹಾಕಿದ ಮೇಲೆ ಒಂದು ದಿನವಾದರೂ ಮಳೆ ಬರಬಾರದು. ನವೆಂಬರ್‌ನಲ್ಲಿ ಹಾಕಿದರೆ ಏಪ್ರಿಲ್ ಹೊತ್ತಿಗೆ ಹಣ್ಣು. ಮಳೆಗಾಲದ ಹಣ್ಣು ರಾಶಿ ಬೀಳುವ ಮುಂಚೆ ಮಾರಿ ಮುಗಿಯುತ್ತದೆ. ಆದರೆ ಆ ಬಿಸಿಲಿಗೆ ಹಣ್ಣಿನ ಒಂದು ಮಗ್ಗುಲು ಬೆಂದುಹೋಗುತ್ತದೆ. ಪಶ್ಚಿಮದ ಕಡೆ ಒಣಹುಲ್ಲು ಹೊದಿಸುವುದು ತಪ್ಪಿದ್ದಲ್ಲ.

ಮಳೆಗಾಲದ ಒಂದು ಮಾತು. ತಗ್ಗಿನ ಮೂಲೆಯಲ್ಲಿ ನೀರು ನಿಂತು, ನಡುವಿನ ಎಲೆ ಹಳದಿಯಾಗಿತ್ತು. ಹಿಡಿದು ಎಳೆದರೆ ಸುಳಿಯೇ ಕೈಗೆ ಬಂತು. ಬುಡ ಮೆತ್ತಗೆ, ಕೊಳೆತ ನಾತ. ಸುಳಿಕೊಳೆ. ಇನ್ನೂರು ಗಿಡ ಕಿತ್ತೆಸೆದೆ. ಮರುವರ್ಷ ಬಸಿಗಾಲುವೆ ತೆಗೆದ ಮೇಲೆ ಆ ಮೂಲೆ ಸುಮ್ಮನಾಯಿತು. ಇರುವೆ ಜಾಸ್ತಿ ಕಂಡರೂ ಬುಡ ನೋಡಿ. ರಸ ಹೀರುವ ಬಿಳಿ ಹುಳ, ಹಿಟ್ಟುತಿಗಣೆಯನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಅವೇ.

ಕೊಯ್ದ ಮೇಲೆ ಹಣ್ಣು ಬಣ್ಣ ತಿರುಗಬಹುದು, ಸಿಹಿಯಾಗುವುದಿಲ್ಲ. ದೂರ ಹೋಗುವ ಗಾಡಿಗೆ ಹಸಿರಿರುವಾಗಲೇ ಕೊಯ್ಯಬೇಕು, ಏನು ಮಾಡೋದು. ಮನೆಗೆ ಮಾತ್ರ ಬುಡದ ಕಣ್ಣುಗಳು ಹಳದಿಯಾದ ಮೇಲೆ. ಅದರಲ್ಲೇ ಗೊಜ್ಜು, ಸಾಸಿವೆ. ಹಸಿ ಹಣ್ಣು ಜಾಸ್ತಿ ತಿಂದರೆ ನಾಲಿಗೆ ಉರಿಯುತ್ತದೆ ಅಲ್ವಾ, ಅದರಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವದ ಕೈಯೂ ಇದೆ. ಹಸಿ ಹೋಳನ್ನು ಹಾಲಿಗೆ ಹಾಕಿದರೆ ಹಾಲನ್ನೂ ಕೆಡಿಸುತ್ತದೆ. ಕೇಸರಿಬಾತಿಗೆ ಹಾಕುವ ಮುಂಚೆ ಆಯಿ ಹೋಳನ್ನು ಸಕ್ಕರೆಯಲ್ಲಿ ಕುದಿಸಿಕೊಳ್ಳುವುದು ಸುಮ್ನೆ ಅಲ್ಲ.

ಆಯಿಗೆ ನನ್ನ ಡ್ರಮ್ಮು, ಅಳತೆ ಎಲ್ಲ ತಮಾಷೆ. ಗೊಜ್ಜಿಗೆ ಹೆಚ್ಚಿದ ಹಣ್ಣಿನ ಜುಟ್ಟನ್ನು ಬಚ್ಚಲ ಹಿಂದೆ ಚುಚ್ಚಿಟ್ಟಿದ್ದರು. ಎರಡು ವರ್ಷ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ. ಹೋದ ಬೇಸಿಗೆಯಲ್ಲಿ ಬಂದ ಹಣ್ಣು ಎರಡೂವರೆ ಕಿಲೋ ತೂಗಿತು. "ನಿನ್ನ ವ್ಯಾಪಾರಿಗೆ ತೋರಿಸು" ಅಂದರು. ತೋರಿಸಲಿಲ್ಲ, ಮನೆಯವರೇ ತಿಂದು ಮುಗಿಸಿದೆವು.