ಬೊಲೋನ್ಯಕ್ಕೆ ಹೋಗುವವರಿಗೆ: ಟ್ರಾನ್ಸ್ ಗೆಳೆಯರು, ಎಲ್‌ಜಿಬಿಟಿ ಜಾಗಗಳು

ಇಟಲಿಯಲ್ಲಿ ಟ್ರಾನ್ಸ್ ಜನರ ಪರಿಚಯ ಆಗಬೇಕು, ಆರಾಮಾಗಿ ಕೂರೋಕೆ ಒಂದು ಜಾಗವೂ ಬೇಕು ಅನ್ನುವವರು ಬೊಲೋನ್ಯದಲ್ಲಿ ಮೊದಲು ಕಾಸ್ಸೆರೊ ಅನ್ನೋ ಎಲ್‌ಜಿಬಿಟಿ ಕೇಂದ್ರಕ್ಕೆ ಹೋಗಿ. 1982ರಲ್ಲಿ ನಗರಸಭೆಯೇ ಈ ಕೇಂದ್ರ ನಡೆಸುವವರಿಗೆ ಊರಿನ ಹಳೇ ಕೋಟೆಬಾಗಿಲ ಕಟ್ಟಡ ಕೊಟ್ಟಿತ್ತು, ಆ ಕಾಲಕ್ಕೆ ಸಣ್ಣ ಮಾತಲ್ಲ. ಈಗ ಇರೋದು ಡಾನ್ ಮಿಂಜೋನಿ ರಸ್ತೆಯ ಹಳೇ ಉಪ್ಪಿನ ಗೋದಾಮಿನಲ್ಲಿ. ರಾತ್ರಿ ಪಾರ್ಟಿ ಇರುತ್ತೆ, ಆದರೆ ಗದ್ದಲದಲ್ಲಿ ಮಾತು ಬೆಳೆಯಲ್ಲ, ಪರಿಚಯ ಆಗಬೇಕಂದ್ರೆ ಚರ್ಚೆ, ಪುಸ್ತಕ ಬಿಡುಗಡೆ ಅಂಥದ್ದಕ್ಕೆ ಹೋಗಿ, ಒಳಗೆ ಲೈಬ್ರರಿಯೂ ಇದೆ. ಪಾರ್ಟಿಗೆ ಆರ್ಚಿಗೇ ಅನ್ನೋ ಇಟಲಿಯ ಎಲ್‌ಜಿಬಿಟಿ ಸಂಘಟನೆಯ ಸದಸ್ಯತ್ವದ ಕಾರ್ಡ್ ಕೇಳ್ತಾರೆ, ಗುರುತಿನ ಚೀಟಿ ಜೇಬಲ್ಲಿರಲಿ.

ಟ್ರಾನ್ಸ್ ಜನರೇ ನಡೆಸುವ ಸಂಘಟನೆ ಎಂಐಟಿ (ಮೊವಿಮೆಂಟೊ ಐಡೆಂಟಿಟಾ ಟ್ರಾನ್ಸ್). ಅದನ್ನು ವರ್ಷಗಟ್ಟಲೆ ಮುನ್ನಡೆಸಿದ ಮಾರ್ಚೆಲ್ಲಾ ದಿ ಫೋಲ್ಕೊ 1995ರಲ್ಲಿ ಇದೇ ಊರಿನ ನಗರಸಭೆಗೆ ಗೆದ್ದಿದ್ದರು. ಅಲ್ಲಿಗೆ ಜನ ಬರೋದು ಆಪ್ತಸಲಹೆಗೆ, ಕಾನೂನಿನ ಸಹಾಯಕ್ಕೆ, ಜೋಡಿ ಹುಡುಕೋಕೆ ಹೋಗಬೇಡಿ ಪ್ಲೀಸ್. ಅವರದೇ 'ದಿವೆರ್ಜೆಂಟಿ' ಚಿತ್ರೋತ್ಸವ ನಡೆದಾಗ ಹೋದರೆ ಮಾತು ತಾನಾಗೇ ಶುರುವಾಗುತ್ತೆ.

ಮತ್ತೆ, ಆಪರೇಷನ್ ಆಗಿದ್ಯಾ, ಹಳೇ ಹೆಸರೇನು ಅಂತೆಲ್ಲ ಕೆದಕಬೇಡಿ. ನಿಮ್ಮನ್ನ ಯಾರಾದ್ರೂ ಹಾಗೆ ಕೇಳ್ತಾರಾ? ಕೇಳದೆ ಫೋಟೊ ಬೇಡ. ಆ್ಯಪ್‌ನಲ್ಲಿ ಸಿಕ್ಕವರಿಗೆ ಗೆಳೆತನವೋ ಡೇಟಿಂಗೋ ಅಂತ ಮೊದಲೇ ಹೇಳಿಬಿಡಿ, ಮೊದಲ ಭೇಟಿ ಹಗಲಲ್ಲಿ ಜನ ಇರೋ ಕೆಫೆಯಲ್ಲಿರಲಿ.