ಮಿನಿ ಡಿವಿ ಕ್ಯಾಸೆಟ್ಟಿನಿಂದ ಡಿವಿಡಿಗೆ: ಚಿತ್ರದ ಗುಣಮಟ್ಟ ಉಳಿಸಿಕೊಂಡ ನನ್ನ ಅನುಭವ

ಮನೆಯ ಕ್ಯಾಮ್‌ಕಾರ್ಡರ್‌ನಲ್ಲಿ ತೆಗೆದ ವಿಡಿಯೊವನ್ನು ಡಿವಿಡಿಗೆ ಇಳಿಸುವಾಗ ಗುಣಮಟ್ಟ ಅನಿವಾರ್ಯವಾಗಿ ಕುಸಿಯುವುದು ಒಂದೇ ಒಂದು ಹಂತದಲ್ಲಿ. ಕ್ಯಾಮ್‌ಕಾರ್ಡರ್ ಚಿತ್ರವನ್ನು ಅಂಕಿ ರೂಪದಲ್ಲಿ ದಾಖಲಿಸುವ ಪುಟ್ಟ ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 25 ಮೆಗಾಬಿಟ್ ಜಾಗವಿದ್ದರೆ, ಡಿವಿಡಿಯಲ್ಲಿ ಬಳಸುವ, ಇನ್ನಷ್ಟು ಕುಗ್ಗಿಸಿದ ಎಂಪೆಗ್-2 ರೂಪದ ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ 9.8 ಮೆಗಾಬಿಟ್. ಈ ಇಳಿಕೆ ಒಂದೇ ಬಾರಿ, ಎಲ್ಲ ಕೆಲಸ ಮುಗಿದ ಮೇಲೆ, ನಮ್ಮ ಲೆಕ್ಕಾಚಾರದಂತೆ ಆಗಬೇಕು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಚಿತ್ರದುರ್ಗದ ನಮ್ಮ ಮನೆಯಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ನಾನು ಡಿವಿಡಿಗೆ ಇಳಿಸಿದೆ. ಅವುಗಳಲ್ಲಿ ಕೋಟೆ ಸುತ್ತಿದ ದೃಶ್ಯಗಳು, ನಾಯಕನಹಟ್ಟಿಯ ಜಾತ್ರೆ, ದಾವಣಗೆರೆಯಲ್ಲಿ ನಡೆದ ನಂಟರ ಮದುವೆ ಎಲ್ಲವೂ ಇದ್ದವು.

ಮೊದಲು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ತರಬೇಕು. ನನ್ನ ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿಯೂ ಇತ್ತು. ಆದರೆ ಅದರ ಮೂಲಕ ಬರುತ್ತಿದ್ದುದು ವೆಬ್‌ಕ್ಯಾಮ್ ಮಟ್ಟದ ಸಣ್ಣ ಚಿತ್ರ. ಆದ್ದರಿಂದ ಡಿವಿ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಎಂಬ ಕಿಂಡಿಯ ಕಾರ್ಡನ್ನು ಹಾಕಿಸಿ, ವಿನ್‌ಡಿವಿ ಎಂಬ ಪುಟ್ಟ ಉಚಿತ ತಂತ್ರಾಂಶದಿಂದ ಕ್ಯಾಪ್ಚರ್ ಮಾಡಿದೆ, ಅಂದರೆ ವಿಡಿಯೊವನ್ನು ಫೈಲಾಗಿ ಇಳಿಸಿಕೊಂಡೆ. ಫೈರ್‌ವೈರ್‌ನಲ್ಲಿ ನಡೆಯುವುದು ಬರೀ ನಕಲು. ಟೇಪಿನ ಮೇಲಿರುವ ಅಂಕಿಗಳೇ ಹಾಗೆಯೇ ಫೈಲಾಗುವುದರಿಂದ ಏನೂ ನಷ್ಟವಾಗುವುದಿಲ್ಲ. ಒಂದು ಗಂಟೆಗೆ ಸುಮಾರು 13 ಜಿಬಿ ಬೇಕಾಗುತ್ತದೆ. ಫೈಲಿನ ಗಾತ್ರ 4 ಜಿಬಿ ಮೀರಲು ಬಿಡದ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿಗಿಂತ ಎನ್‌ಟಿಎಫ್‌ಎಸ್ ವಿಧಾನದ ಡಿಸ್ಕ್ ಇದಕ್ಕೆ ಅನುಕೂಲ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಟೇಪನ್ನು ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಕ್ಯಾಪ್ಚರ್‌ಗೆ ಹಾಕುತ್ತಿದ್ದೆ. ಚಿತ್ರದಲ್ಲಿ ಚೌಕ ಚೌಕವಾದ ಕಲೆಗಳು ಕಂಡರೆ ಹೆಡ್ ಕ್ಲೀನಿಂಗ್ ಕ್ಯಾಸೆಟ್ ಹಾಕಿ ಮತ್ತೊಮ್ಮೆ ತೆಗೆಯುತ್ತಿದ್ದೆ. ಆ ಕಲೆಗಳನ್ನು ಮುಂದಿನ ಯಾವ ತಂತ್ರಾಂಶವೂ ಸರಿಯಾಗಿ ಅಳಿಸಲಾರದು.

ಸಂಕಲನವನ್ನು ಡಿವಿ ರೂಪದಲ್ಲಿಯೇ ಮುಗಿಸಿದೆ. ಬರೀ ಕತ್ತರಿಸಿ ಜೋಡಿಸಿದ ಭಾಗಗಳನ್ನು ಒಳ್ಳೆಯ ಸಂಕಲನ ತಂತ್ರಾಂಶ ಮುಟ್ಟದೆ ಹಾಗೆಯೇ ನಕಲಿಸುತ್ತದೆ. ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಕಡೆ, ಅಕ್ಷರ ಮೂಡುವ ಕಡೆ ಮಾತ್ರ ರೆಂಡರ್ ಮಾಡುತ್ತದೆ, ಅಂದರೆ ಚಿತ್ರವನ್ನು ಹೊಸದಾಗಿ ರಚಿಸುತ್ತದೆ. ಮದುವೆ ವಿಡಿಯೊಗಳಲ್ಲಿ ಹೂವಿನೊಳಗಿಂದ ವಧೂವರರು ಮೂಡಿಬರುವ ಅಲಂಕಾರಗಳನ್ನು ನಾನು ಬಿಟ್ಟಿದ್ದಕ್ಕೆ ಇದೂ ಒಂದು ಕಾರಣ. ಅಭಿರುಚಿಯ ಕಾರಣ ಬೇರೆಯೇ ಇದೆ.

ಹೆಚ್ಚಿನವರು ಎಡವುವುದು ಫೀಲ್ಡುಗಳ ವಿಷಯದಲ್ಲಿ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ 720×576 ಗಾತ್ರದ, ಸೆಕೆಂಡಿಗೆ 25 ಚೌಕಟ್ಟುಗಳ ಚಿತ್ರವಿದ್ದು, ಒಂದೊಂದು ಚೌಕಟ್ಟೂ ಬೆಸ ಗೆರೆಗಳ ಮತ್ತು ಸಮ ಗೆರೆಗಳ, ಒಂದರ ಹಿಂದೊಂದು ಕ್ಷಣದಲ್ಲಿ ತೆಗೆದ ಎರಡು ಫೀಲ್ಡುಗಳಿಂದ ಕೂಡಿರುತ್ತದೆ. ಕಂಪ್ಯೂಟರ್ ಪರದೆಯಲ್ಲಿ, ಚಲಿಸುವ ವಸ್ತುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಾಣುತ್ತವೆಂದು ಹೆದರಿ, ಎರಡು ಫೀಲ್ಡುಗಳನ್ನು ಒಂದೇ ಚಿತ್ರವಾಗಿಸುವ ಡಿಇಂಟರ್‌ಲೇಸ್ ಮಾಡಿದರೆ ಚಲನೆಯ ಅರ್ಧ ಮಾಹಿತಿ ಹೋಗುತ್ತದೆ. ಟಿವಿಯಲ್ಲಿ ನೋಡುವ ಡಿವಿಡಿಗೆ ಅದರ ಅಗತ್ಯವೇ ಇಲ್ಲ. ಡಿವಿಯಲ್ಲಿ ಕೆಳಗಿನ ಫೀಲ್ಡ್, ಅಂದರೆ ಸಮ ಗೆರೆಗಳದ್ದು, ಮೊದಲು ಬರುತ್ತದೆ. ಡಿವಿಯನ್ನು ಎಂಪೆಗ್-2ಕ್ಕೆ ಬದಲಿಸುವ ತಂತ್ರಾಂಶವಾದ ಎನ್‌ಕೋಡರಿನಲ್ಲಿಯೂ ಅದನ್ನೇ ನಮೂದಿಸಬೇಕು. ಅದು ತಿರುಗುಮುರುಗಾದರೆ ಕ್ಯಾಮೆರಾ ಪಕ್ಕಕ್ಕೆ ಹೊರಳಿದಾಗಲೆಲ್ಲ ಚಿತ್ರ ಅದುರುತ್ತದೆ.

ಇನ್ನು ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿಗೆ ಮೀಸಲಿಡುವ ಮಾಹಿತಿಯ ಪ್ರಮಾಣ. 4.7 ಜಿಬಿಯ ಒಂದು ಡಿವಿಡಿಯಲ್ಲಿ ಎರಡು ಗಂಟೆ ತುಂಬಿದರೆ ಚಿತ್ರ, ಶಬ್ದ ಎರಡಕ್ಕೂ ಸೇರಿ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಉಳಿಯುತ್ತದೆ. ಸ್ಟುಡಿಯೊದಲ್ಲಿ ಚೆನ್ನಾದ ಬೆಳಕಿನಡಿ ತೆಗೆದ ಚಲನಚಿತ್ರಕ್ಕೆ ಇಷ್ಟು ಸಾಕಾಗಬಹುದು. ಕೈಯಲ್ಲಿ ಹಿಡಿದು ತೆಗೆದ, ಸದಾ ಅಲುಗಾಡುವ ಮನೆ ವಿಡಿಯೊಗೆ ಸಾಲದು. ಸ್ಟ್ಯಾಂಡಿನ ಮೇಲಿಟ್ಟು ತೆಗೆದ ಕೋಟೆಯ ಬಂಡೆಗಳಿಗೆ ಬಹಳ ಕಡಿಮೆ ಬಿಟ್ ಸಾಕು, ಏಕೆಂದರೆ ಚೌಕಟ್ಟಿನಿಂದ ಚೌಕಟ್ಟಿಗೆ ಏನೂ ಬದಲಾಗುವುದಿಲ್ಲ. ನಾಯಕನಹಟ್ಟಿಯ ತೇರಿನ ದಿನದ ದೃಶ್ಯದಲ್ಲಾದರೋ ಸಾವಿರಾರು ತಲೆಗಳು ಒಟ್ಟಿಗೆ ಅಲುಗುತ್ತವೆ, ಕೊಬ್ಬರಿ ಸುಡುವ ಹೊಗೆ ಏಳುತ್ತದೆ, ಅದರ ನಡುವೆ ತೇರು ಸಾಗುತ್ತದೆ. ಬಿಟ್ ಸಾಲದೆ ಹೋದರೆ ಹೊಗೆ ಮೊದಲು ಚೌಕಗಳಾಗಿ ಒಡೆಯುತ್ತದೆ. ಆದ್ದರಿಂದ ಒಂದು ಡಿಸ್ಕಿಗೆ 75 ನಿಮಿಷಕ್ಕಿಂತ ಹೆಚ್ಚು ಹಾಕಲಿಲ್ಲ. ಸರಾಸರಿ 7.5 ಮೆಗಾಬಿಟ್, ಗರಿಷ್ಠ 9 ಎಂದು ಗೊತ್ತುಪಡಿಸಿ, ಎರಡು ಸುತ್ತಿನ ಎನ್‌ಕೋಡಿಂಗ್ ಆರಿಸಿಕೊಂಡೆ. ಮೊದಲ ಸುತ್ತಿನಲ್ಲಿ ಎನ್‌ಕೋಡರ್ ಎಲ್ಲಿ ಕಷ್ಟವಿದೆ ಎಂದು ನೋಡಿಕೊಂಡು, ಎರಡನೆಯದರಲ್ಲಿ ಬಂಡೆಯಿಂದ ಉಳಿಸಿದ್ದನ್ನು ತೇರಿಗೆ ಕೊಡುತ್ತದೆ. ರಾತ್ರಿಯಿಡೀ ಕಂಪ್ಯೂಟರ್ ಓಡುತ್ತಿತ್ತು. ಕರೆಂಟು ಹೋಗದಿರಲೆಂದು ಯುಪಿಎಸ್ ಇಟ್ಟಿದ್ದೆ.

ಕಲ್ಯಾಣ ಮಂಟಪದ ಮಂದ ಬೆಳಕಿನ ದೃಶ್ಯಗಳಲ್ಲಿ ಕಾಣುವ ಕಾಳುಕಾಳಾದ ನಾಯ್ಸ್ ಕೂಡ ಎನ್‌ಕೋಡರ್‌ಗೆ ಚಲನೆಯಂತೆಯೇ ತೋರಿ ಬಿಟ್‌ಗಳನ್ನು ನುಂಗುತ್ತದೆ. ಅಂಥ ತುಣುಕುಗಳಿಗೆ ಮಾತ್ರ ನಾಯ್ಸ್ ತೆಗೆಯುವ ಫಿಲ್ಟರನ್ನು ಅತಿ ಕಡಿಮೆ ಮಟ್ಟದಲ್ಲಿ ಬಳಸಿದೆ; ಸ್ವಲ್ಪ ಹೆಚ್ಚಾದರೂ ಸೀರೆಯ ಜರಿ ಮೇಣದಂತೆ ನಯವಾಗಿಬಿಡುತ್ತದೆ.

ಶಬ್ದವನ್ನು ಪಿಸಿಎಂ ಆಗಿಯೇ, ಅಂದರೆ ಕುಗ್ಗಿಸದೆ, ಇಟ್ಟರೆ ಅದಕ್ಕೇ 1.5 ಮೆಗಾಬಿಟ್ ಬೇಕು. ಅದರ ಬದಲು 256 ಕಿಲೋಬಿಟ್‌ನ ಡಾಲ್ಬಿ ಎಸಿ-3 ಎಂಬ ಕುಗ್ಗಿಸಿದ ರೂಪಕ್ಕೆ ಬದಲಿಸಿದೆ. ವ್ಯತ್ಯಾಸ ನನ್ನ ಕಿವಿಗೆ ತಿಳಿಯಲಿಲ್ಲ. ಕ್ಯಾಮೆರಾ 12 ಬಿಟ್ ಮೋಡಿನಲ್ಲಿದ್ದಾಗ ಶಬ್ದ 32 ಕಿಲೋಹರ್ಟ್ಸ್ ಆಗಿರುತ್ತದೆ. ಡಿವಿಡಿಗೆ ಅದನ್ನು 48ಕ್ಕೆ ಬದಲಿಸಬೇಕು.

ಅಂತಿಮ ಡಿಸ್ಕನ್ನು ಬರ್ನ್ ಮಾಡುವ ಮೊದಲು, ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕಿನಲ್ಲಿ ಒಂದು ಪ್ರತಿ ತೆಗೆದು, ಮನೆಯ ಹಳೆಯ ಪ್ಲೇಯರಿನಲ್ಲಿ ತೇರಿನ ಭಾಗವನ್ನೇ ಹಾಕಿ ನೋಡುತ್ತಿದ್ದೆ. ಅದು ತಡವರಿಸದೆ ಓಡಿದರೆ ಉಳಿದದ್ದಕ್ಕೆ ಚಿಂತೆಯಿಲ್ಲ. ಸಂಕಲಿಸಿದ ಡಿವಿ ಫೈಲುಗಳನ್ನು ಅಳಿಸದೆ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಇಟ್ಟಿದ್ದೇನೆ. ಮುಂದೆ ಬೇರೆ ರೂಪಕ್ಕೆ ಬದಲಿಸಬೇಕಾದಾಗ ಡಿವಿಡಿಯನ್ನು ಮೂಲವಾಗಿಸದೆ ಅವುಗಳಿಂದಲೇ ಆರಂಭಿಸಬಹುದು.