ಹದಿನಾರು ತುಂಬಲು ಎಪ್ಪತ್ತು ದಿನ ಬಾಕಿ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿಯಾಗಿದ್ದ ಕಾಲ. ಜೂನ್ ಮೊದಲ ವಾರ ಮಗುವನ್ನು ಸೇರಿಸಲು ಬಂದವರನ್ನು ಹುಟ್ಟಿದ ತಾರೀಖು ಕೇಳಿದರೆ, “ಆರಿದ್ರಾ ಮಳೆ ಹೊಯ್ಯುತ್ತಿತ್ತು ಮೇಡಂ” ಎನ್ನುತ್ತಿದ್ದರು. ಇಲ್ಲವೇ, “ಗೌರಿ ಹಬ್ಬಕ್ಕೆ ಮೂರು ದಿನ ಮುಂಚೆ” ಎನ್ನುತ್ತಿದ್ದರು. ಪಂಚಾಂಗ ಬಿಡಿಸಿ ಲೆಕ್ಕ ಹಾಕುವುದು, ವಯಸ್ಸು ಒಂದೆರಡು ತಿಂಗಳು ಸಾಲದಿದ್ದರೆ ಸಾಲುವಂತೆ ಮಾಡಿ ದಾಖಲಾತಿ ಪುಸ್ತಕದಲ್ಲಿ ಬರೆದುಬಿಡುವುದು ನನ್ನ ಕೆಲಸ. ಹೀಗೆ ಎಷ್ಟು ಮಕ್ಕಳ ಜಾತಕ ತಿದ್ದಿದ್ದೇನೋ ಲೆಕ್ಕವಿಲ್ಲ. ನನ್ನ ಜನ್ಮದಿನವೂ ಹಾಗೆಯೇ ಆದದ್ದು. ಅಮ್ಮ ಹೇಳುತ್ತಿದ್ದದ್ದು ಪುನರ್ವಸು ಮಳೆ, ಅಂದರೆ ಜುಲೈ. ನನ್ನ ಮೇಷ್ಟರು ಬರೆದದ್ದು ಮೇ 15. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ, ಸೇವಾ ಪುಸ್ತಕದಲ್ಲಿ, ಕೊನೆಗೆ ಪಾಸ್‌ಪೋರ್ಟಿನಲ್ಲಿ ಕೂತದ್ದು ಆ ಮೇ 15.

ಇಂಥ ನಾನು ಮೊಮ್ಮಗಳನ್ನು ಕರೆದುಕೊಂಡು ಅಮೆರಿಕದ ಫ್ಲಾರಿಡಾಕ್ಕೆ ಹೋದೆ. ಮಗಳು ಅಲ್ಲಿದ್ದಾಳೆ. ಮೊಮ್ಮಗಳು ಶಿವಮೊಗ್ಗದಲ್ಲಿರುವ ಮಗನ ಮಗಳು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿ ಪಿಯುಸಿ ಶುರುವಾಗುವವರೆಗೆ ರಜೆ. ಅಡಿಕೆಯ ಕೆಲಸವೂ ಮುಗಿದಿತ್ತು, ಮದ್ದು ಹೊಡೆಯಲು ಮಳೆಗಾಲ ಬರಬೇಕು. ಅವಳಿಗೆ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಎಂಬ ಮೋಜಿನ ಉದ್ಯಾನ ನೋಡುವುದಕ್ಕಿಂತ ಅದರ ನೆಲದಡಿಯ ಸುರಂಗ ನೋಡುವ ಹುಚ್ಚು. ‘ಕೀಸ್ ಟು ದ ಕಿಂಗ್‌ಡಮ್’ ಎಂಬ ಹೆಸರಿನಲ್ಲಿ ಐದು ಗಂಟೆಯ ಕಾಲ್ನಡಿಗೆಯ ವೀಕ್ಷಣೆ ಇದೆ. ಉದ್ಯಾನದ ಟಿಕೆಟ್ ಬೇರೆ, ಇದಕ್ಕೆ ಬೇರೆ ದುಡ್ಡು. ವೇಷ ತೊಟ್ಟವರು ಓಡಾಡುವ ತೆರೆಮರೆಯ ಜಾಗಕ್ಕೆಲ್ಲ ಕರೆದೊಯ್ಯುತ್ತಾರೆ.

ಮಗಳು ಮೂವರಿಗೆ ಜಾಗ ಕಾದಿರಿಸಲು ಹೊರಟಾಗ ಒಂದು ಸಾಲು ಕಣ್ಣಿಗೆ ಬಿತ್ತು. ಹದಿನಾರು ತುಂಬಿದವರಿಗೆ ಮಾತ್ರ. ಬರುವಾಗ ಫೋಟೊ ಇರುವ ಗುರುತಿನ ಚೀಟಿ ತರಬೇಕು. ಮೊಮ್ಮಗಳು ಹುಟ್ಟಿದ್ದು ಜುಲೈ 4ರಂದು. ವೀಕ್ಷಣೆಗೆ ಹೋಗಲು ನಾವು ಆರಿಸಿದ ದಿನ ಏಪ್ರಿಲ್ 25. ಬೆರಳು ಮಡಚಿ ಎಣಿಸಿದೆ, ಎಪ್ಪತ್ತು ದಿನ.

ಶಿವಮೊಗ್ಗದಿಂದ ಮಗ ಫೋನಿನಲ್ಲೇ ತೀರ್ಪು ಕೊಟ್ಟ: “ಅಮ್ಮ, ಅವಳು ನಿನಗಿಂತ ಎತ್ತರ ಇದ್ದಾಳೆ. ಹದಿನಾರು ಎಂದು ಹಾಕಿ. ಯಾರು ಕೇಳುತ್ತಾರೆ?” ನಮ್ಮ ಕಡೆ ಇದು ಮನೆಮನೆಯ ವಿದ್ಯೆ. ಬಸ್ಸು ಹತ್ತಿದರೆ ಮಗುವಿಗೆ ಐದೇ ವರ್ಷ, ಶಾಲೆಯ ಮೆಟ್ಟಿಲು ಹತ್ತಿದರೆ ಆರು. ಮಗಳು ಮಾತ್ರ, “ಅಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ ಅಣ್ಣ, ಬಾಗಿಲಲ್ಲಿ ನಿಲ್ಲಿಸಿದರೆ ಮಗುವಿನ ಮುಖ ನೋಡಲು ನನ್ನಿಂದಾಗುವುದಿಲ್ಲ” ಎಂದಳು. ಇಬ್ಬರೂ ನನ್ನ ಬಾಯಿ ನೋಡಿದರು. ದಾಖಲಾತಿ ಪುಸ್ತಕ ನನ್ನ ಕೈಯಲ್ಲಿದ್ದಿದ್ದರೆ ಎಪ್ಪತ್ತು ದಿನ ಯಾವ ಲೆಕ್ಕ! ಆದರೆ ಈಗಿನ ಮಕ್ಕಳಿಗೆ ಆಸ್ಪತ್ರೆಯಲ್ಲೇ ಜನನ ಪ್ರಮಾಣಪತ್ರ ಸಿದ್ಧವಾಗುತ್ತದೆ, ಪಾಸ್‌ಪೋರ್ಟಿನಲ್ಲೂ ಅದೇ ತಾರೀಖು. ಮಳೆ ನಕ್ಷತ್ರಕ್ಕೆ ಜಾಗವೇ ಇಲ್ಲ. ಬೇಡ ಎಂದೆ. ಮೊಮ್ಮಗಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಮೂರನೆಯ ದಿನ ಅವಳೇ ಬಂದು, “ಅಜ್ಜಿ, ನೀವಾದರೂ ಹೋಗಿ ಬನ್ನಿ. ನನಗೆ ಎಲ್ಲ ಹೇಳಬೇಕು” ಎಂದಳು. ಮಗಳು ಮತ್ತು ಮೊಮ್ಮಗಳು ಮೇಲೆ ಸವಾರಿಗಳಲ್ಲಿ ಸುತ್ತುವುದು, ಅಜ್ಜಿ ಒಬ್ಬಳೇ ಕೆಳಗೆ ಇಳಿಯುವುದು ಎಂದು ತೀರ್ಮಾನವಾಯಿತು. (ಹದಿನಾಲ್ಕು ತುಂಬದವರು ಆ ಉದ್ಯಾನದೊಳಗೆ ಒಬ್ಬರೇ ಹೋಗುವಂತಿಲ್ಲ. ಇವಳಿಗೆ ಆ ತೊಡಕು ಇರಲಿಲ್ಲ. ಆದರೂ ಪರಊರಿನಲ್ಲಿ ಬಿಡಲು ನನಗೆ ಧೈರ್ಯವಿರಲಿಲ್ಲ.)

ವಯಸ್ಸಿನ ತಕರಾರು ಮುಗಿಯಿತು ಎನ್ನುವಷ್ಟರಲ್ಲಿ ನನ್ನ ಹೆಸರಿನದು ಹುಟ್ಟಿಕೊಂಡಿತು. ನಮ್ಮ ಕಡೆಯವರು ಇದನ್ನು ಗಮನವಿಟ್ಟು ಓದಬೇಕು. ನಮಗೆ ಇರುವುದು ಒಂದೇ ಹೆಸರು, ಹಿಂದೆ ಊರಿನದೋ ಅಪ್ಪನದೋ ಒಂದೆರಡು ಅಕ್ಷರ. ನನ್ನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ನಮ್ಮ ಹೆಸರನ್ನು ಉಪನಾಮವೆಂದು ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥವಂತೆ. ಮೂವತ್ತೈದು ವರ್ಷ ಹಾಜರಿ ಕರೆದವಳಿಗೆ ಇದಕ್ಕಿಂತ ಅವಮಾನ ಬೇಕೆ? ಅಳಿಯಂದಿರು ಈ ವೀಕ್ಷಣೆಗೆ ನನ್ನ ಜಾಗ ಕಾದಿರಿಸುವಾಗ ಎರಡು ಹೆಸರು ಬೇಕೆಂದು ನನ್ನ ಯಜಮಾನರ ಹೆಸರು ಸೇರಿಸಿದ್ದರು. ಹೀಗೆ ಟಿಕೆಟಿನಲ್ಲಿ ಒಬ್ಬಳು, ಪಾಸ್‌ಪೋರ್ಟಿನಲ್ಲಿ ಒಬ್ಬಳು, ವೀಸಾದಲ್ಲಿ ಮೂರನೆಯವಳು. ಹೋಗುವ ಒಂದು ವಾರ ಮೊದಲು ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿದ್ದರಿಂದ ಇದು ಸಿಕ್ಕಿಬಿತ್ತು. ಶಾಲಾ ತಪಾಸಣೆಗೆ ಮುಂಚೆ ಮಾಡುತ್ತಿದ್ದ ಅಭ್ಯಾಸ ಕೈಬಿಟ್ಟಿರಲಿಲ್ಲ. ಮಗಳು ಫೋನ್ ಮಾಡಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ತಿದ್ದಿಸಿದಳು.

ಆಧಾರ್ ಕಾರ್ಡ್ ನಮಗೆ ಇಲ್ಲಿ ರೇಷನ್ ಅಂಗಡಿಯಿಂದ ಬ್ಯಾಂಕಿನವರೆಗೆ ನಡೆಯುತ್ತದೆ, ಅಲ್ಲಿ ಅದನ್ನು ನಂಬಿಕೊಂಡು ಹೋಗಬಾರದು. ಪಾಸ್‌ಪೋರ್ಟಿನ ಮೂಲಪ್ರತಿಯನ್ನೇ ಒಯ್ದೆ. ಅಡಿಕೆ ವ್ಯಾಪಾರದ ದಿನ ದುಡ್ಡು ಇಟ್ಟುಕೊಳ್ಳುವ ಬಟ್ಟೆಯ ಚೀಲವೊಂದು ಇದೆ, ಸೊಂಟಕ್ಕೆ ಕಟ್ಟಿಕೊಳ್ಳುವುದು, ಅದರಲ್ಲಿ ಇಟ್ಟೆ. ಜೆರಾಕ್ಸ್ ಪ್ರತಿ ಮಗಳ ಬಳಿ. ಉದ್ಯಾನದ ಮುಖ್ಯ ದ್ವಾರದಲ್ಲೂ ಇದು ಉಪಯೋಗಕ್ಕೆ ಬಂತು. ಅಲ್ಲಿ ಟಿಕೆಟಿನ ಜೊತೆ ಬೆರಳಿನ ಗುರುತು ಕೇಳುತ್ತಾರೆ, ಬೇಡವೆಂದರೆ ಫೋಟೊ ಇರುವ ಗುರುತಿನ ಚೀಟಿ ತೋರಿಸಬಹುದು. ಪ್ರತಿ ಸುಗ್ಗಿಯಲ್ಲಿ ಅಡಿಕೆ ಸುಲಿದು ನನ್ನ ಬೆರಳ ಗೆರೆಗಳು ಸವೆದಿವೆ, ಊರಿನ ಯಂತ್ರಗಳೇ ನನ್ನನ್ನು ಗುರುತಿಸುವುದಿಲ್ಲ. ನಾನು ಸುಮ್ಮನೆ ಪಾಸ್‌ಪೋರ್ಟ್ ಚಾಚಿದೆ.

ವೀಕ್ಷಣೆಯ ಜಾಗದಲ್ಲಿ ತಪಾಸಣೆ ಅರ್ಧ ನಿಮಿಷದ್ದು. ಆ ಹುಡುಗಿ ಫೋಟೊ ನೋಡಿ, ನನ್ನ ಮುಖ ನೋಡಿ, ಹೆಸರಿಗೆ ಗುರುತು ಹಾಕಿದಳು. ಎಪ್ಪತ್ತರ ಹತ್ತಿರದವಳ ಹುಟ್ಟಿದ ತಾರೀಖು ಅವಳಿಗೆ ಬೇಕಿರಲಿಲ್ಲ, ನನ್ನ ಮೇ 15 ಎಂಬ ಸುಳ್ಳು ಹಾಗೆಯೇ ದಾಟಿಹೋಯಿತು. ಮಧ್ಯಾಹ್ನದ ಊಟಕ್ಕೆ ಏನು ಎಂದು ಆಗಲೇ ಕೇಳಿ ಬರೆದುಕೊಂಡರು. ಸಸ್ಯಾಹಾರಿಗಳು ಅಲ್ಲಿಯೇ ಗಟ್ಟಿಯಾಗಿ ಹೇಳಿಬಿಡಬೇಕು. ಕಿವಿಗೆ ಒಂದು ಯಂತ್ರ ಸಿಕ್ಕಿಸಿದರು. ತೆರೆಮರೆಯಲ್ಲಿ ಫೋಟೊ ತೆಗೆಯುವಂತಿಲ್ಲ, ಮೊಬೈಲ್ ಒಳಗೆ ಹೋಗಬೇಕು.

ಸುರಂಗ ಎಂದು ನಾವೆಲ್ಲ ಹೇಳುತ್ತೇವಲ್ಲ, ಅದು ನೆಲ ಅಗೆದು ಮಾಡಿದ್ದೇ ಅಲ್ಲ. ಫ್ಲಾರಿಡಾದಲ್ಲಿ ಒಂದಿಷ್ಟು ಅಗೆದರೆ ನೀರು ಬರುತ್ತದೆ, ನಮ್ಮ ಮಳೆಗಾಲದ ಗದ್ದೆಯ ಹಾಗೆ. ಅದಕ್ಕೇ ಓಣಿಗಳನ್ನು ನೆಲದ ಮಟ್ಟದಲ್ಲಿ ಕಟ್ಟಿ, ಎದುರಿನ ಕೆರೆ ತೋಡಿದ ಮಣ್ಣನ್ನು ಸುತ್ತ ತುಂಬಿ, ಅದರ ಮೇಲೆ ಉದ್ಯಾನವನ್ನು ಎಬ್ಬಿಸಿದ್ದಾರೆ. 1971ರ ಅಕ್ಟೋಬರ್ 1ರಂದು ಅದು ತೆರೆದದ್ದು. ಜನ ಓಡಾಡುವ ಬೀದಿ ನಿಜವಾಗಿ ಮಹಡಿಯ ಮೇಲಿದೆ! ಕ್ಯಾಲಿಫೋರ್ನಿಯಾದ ಹಳೆಯ ಡಿಸ್ನಿಲ್ಯಾಂಡಿನಲ್ಲಿ ಕೌಬಾಯ್ ವೇಷದವನೊಬ್ಬ ಭವಿಷ್ಯಲೋಕ ಎಂಬ ವಿಭಾಗದ ಬೀದಿಯಲ್ಲಿ ಹಾದು ಹೋಗುವುದನ್ನು ವಾಲ್ಟ್ ಡಿಸ್ನಿ ಕಂಡು ಬೇಸರಪಟ್ಟಿದ್ದರಂತೆ. ಓಣಿಗಳ ಹಿಂದಿನ ಕತೆ ಅದು. ಯಾವ ಲೋಕದ ಕೆಳಗೆ ಇದ್ದೇವೆ ಎಂದು ತಿಳಿಯಲು ಗೋಡೆಗೆ ಬಣ್ಣದ ಗುರುತು. ಕಸವನ್ನು ಕೊಳವೆಯಲ್ಲಿ ಗಾಳಿಯೇ ಎಳೆದೊಯ್ಯುತ್ತದೆ.

ನಡೆಯುತ್ತಾ ನನಗೆ ನೆನಪಾದದ್ದು ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಗದ್ದೆಯಲ್ಲಿ ಬಯಲಾಟ ಇದ್ದರೆ ನಾವು ಮಕ್ಕಳು ಮೊದಲು ನುಗ್ಗುತ್ತಿದ್ದದ್ದು ಅಲ್ಲಿಗೆ. ಮುಖಕ್ಕೆ ಚುಟ್ಟಿ ಇಡಿಸಿಕೊಂಡು ಅರ್ಧ ರಾಕ್ಷಸನಾಗಿದ್ದವನು ಬೀಡಿ ಸೇದುತ್ತಾ ನಮ್ಮನ್ನು ಗದರುತ್ತಿದ್ದ. ಆಮೇಲೆ ಅವನೇ ಅಬ್ಬರಿಸಿ ರಂಗಸ್ಥಳಕ್ಕೆ ಬಂದರೆ ನಾವು ಅಮ್ಮನ ಸೆರಗಿನಲ್ಲಿ ಅಡಗುತ್ತಿದ್ದೆವು. ಕಂಡದ್ದರಿಂದ ನಮ್ಮ ಹೆದರಿಕೆ ಒಂದಿಷ್ಟೂ ಕಡಿಮೆಯಾಗಲಿಲ್ಲ. ಹಾಗಾಗಿ ಹದಿನಾರರ ನಿಯಮ ನನಗೆ ಪೂರ್ತಿ ಒಪ್ಪಿಗೆಯಲ್ಲ. ಆದರೆ ಐದು ಗಂಟೆ ನಡೆಯುವುದು, ಕೆಲಸಗಾರರ ದಾರಿಯಲ್ಲಿ ಅವರಿಗೆ ಅಡ್ಡವಾಗದೆ ಸರಿಯುವುದು, ಇವೆಲ್ಲ ಚಿಕ್ಕವರ ಕೈಲಾಗುವ ಮಾತಲ್ಲ. ನನ್ನ ಮಂಡಿಯ ಕೈಲೂ ಆಗಲಿಲ್ಲ, ಅದು ಬೇರೆ ವಿಷಯ.

ಮೊಮ್ಮಗಳಿಗೆ ಬೇರೊಂದು ದಾರಿ ಸಿಕ್ಕಿತು. ಪಕ್ಕದ ಎಪ್ಕಾಟ್ ಉದ್ಯಾನದಲ್ಲಿ ‘ಬಿಹೈಂಡ್ ದ ಸೀಡ್ಸ್’ ಎಂಬ ಒಂದು ಗಂಟೆಯ ವೀಕ್ಷಣೆ ಇದೆ, ಚಿಕ್ಕ ಮಕ್ಕಳೂ ಹೋಗಬಹುದು. ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸುವ ತರಕಾರಿ, ಕೀಟಕ್ಕೆ ಕೀಟವನ್ನೇ ಬಿಡುವ ಪದ್ಧತಿ, ಗಾಜಿನ ಮನೆಯೊಳಗೆ ಒಂದು ಹಲಸಿನ ಮರ. ಮೂವರೂ ಹೋದೆವು. ವಯಸ್ಸು ಸಾಲದ ಮಕ್ಕಳಿದ್ದವರು ಮೊದಲು ಇಂಥದ್ದನ್ನು ಹುಡುಕಲಿ. ಹಲಸನ್ನು ಜನ ಬೆರಗಿನಿಂದ ನೋಡುತ್ತಿದ್ದರೆ ಅವಳು ನನ್ನ ಕಿವಿಯಲ್ಲಿ, “ನಮ್ಮ ಹಿತ್ತಲಿಗೂ ಟಿಕೆಟ್ ಇಡೋಣ ಅಜ್ಜಿ” ಎಂದಳು.

ಅವಳ ನಿಜವಾದ ಪ್ರಶ್ನೆ ಬಂದದ್ದು ರಾತ್ರಿ. “ಅಜ್ಜಿ, ಆ ಗೊಂಬೆ ವೇಷದವರು ಕೆಳಗೆ ತಲೆ ತೆಗೆದು ಕೂತಿರುತ್ತಾರಾ? ನೀವು ನೋಡಿದಿರಾ?”

“ಹದಿನಾರು ತುಂಬಿದವರಿಗೆ ಮಾತ್ರ ಹೇಳುತ್ತೇನೆ” ಎಂದು ಮಗ್ಗುಲಾದೆ.

ಜುಲೈ 4ರಂದು ನಾವು ಊರಿನಲ್ಲಿದ್ದೆವು. ಆರಿದ್ರಾ ಮಳೆ ಹೊಯ್ಯುತ್ತಿತ್ತು. ಬೆಳಗ್ಗೆ ಆರಕ್ಕೇ ಯಾರೋ ಬಾಗಿಲು ಬಡಿದರು. ತೆರೆದರೆ ಮೊಮ್ಮಗಳು, ಹಲ್ಲೂ ಉಜ್ಜಿರಲಿಲ್ಲ, ಕೈಯಲ್ಲಿ ಪಾಸ್‌ಪೋರ್ಟ್ ಬಿಡಿಸಿ ಹಿಡಿದುಕೊಂಡು ನಿಂತಿದ್ದಳು.